ಚಿಕ್ಕತಾಯಮ್ಮನ ಎರಡು ತಟ್ಟೆ

"ಅವ್ವ, ಈ ಟವರಿನಿಂದ ಗಾಳಿಯಲ್ಲಿ ಬರೋ ಅಲೆ ಮನುಷ್ಯನಿಗೆ ಒಳ್ಳೇದೋ ಕೆಟ್ಟದ್ದೋ?"

ಕೇಳಿದವನು ಪರ್ವತಯ್ಯ. ಕೇಳಿಸಿಕೊಂಡವರು ಮಂಚಮ್ಮ. ಮಂಚಮ್ಮ ಎರಡನೇ ಕ್ಲಾಸು ದಾಟಿದವರಲ್ಲ. ಆದರೂ ಸುತ್ತಿನ ಊರುಗಳಲ್ಲಿ ಯಾರ ಮನಸ್ಸಿಗೆ ತೊಡಕು ಬಿದ್ದರೂ ಅವರ ಜಗುಲಿಗೆ ಬಂದು ಕೂರುತ್ತಾರೆ. ಅವರು ಹೇಳುವ ಕತೆ ಕೇಳಿಕೊಂಡು ಎದ್ದು ಹೋಗುತ್ತಾರೆ. ಪರ್ವತಯ್ಯ ಹನ್ನೆರಡು ವರ್ಷದಿಂದ ಅವರ ಶಿಷ್ಯ. ಅವತ್ತೂ ಎಂದಿನ ಹಾಗೆ ಮನೆಯಿಂದ ನೇರ ಬಂದು, ತೊಟ್ಟಿಯ ನೀರಿನಲ್ಲಿ ಕೈಕಾಲು ತೊಳೆದು, ಟವಲಿನಲ್ಲಿ ಒರೆಸಿಕೊಂಡು ಕೂತಿದ್ದ. ಫೋನು ಮುಂದೆ ಇತ್ತು.

"ಯಾಕೆ ಕೇಳ್ತಿದ್ದೀಯ?" ಅಂದರು ಮಂಚಮ್ಮ.

"ನಮ್ಮ ಬೀದಿ ನರ್ಸಮ್ಮ ತಾರಸಿ ಮೇಲೆ ಟವರ್ ಹಾಕಿಸ್ಕೊಂಡವ್ಳೆ. ಒಂದು ತಿಂಗಳಿಂದ ನನ್ನ ಹೆಂಡ್ತಿಗೆ ತಲೆನೋವು. ಇವತ್ತು ಬೆಳಿಗ್ಗೆ ಇದು ಬಂತು ನೋಡಿ ಅವ್ವ. ಬೀದಿ ಹೆಂಗಸರ ಬಸಿರು ನಿಲ್ಲಬಾರದು ಅಂತ್ಲೇ ಅವಳು ಹಾಕಿಸಿರೋದಂತೆ. ಫೋಟೋ ಸಮೇತ ಹಾಕವ್ರೆ."

"ಹಾಕಿದವರು ಯಾರು?"

"ಯಾರೋ. ನನಗೆ ಭಾವಮೈದ ಕಳಿಸ್ದ. ನಿಜವೋ ಸುಳ್ಳೋ ನಂಗೊತ್ತಿಲ್ಲ. ಜನಕ್ಕೆ ತಿಳೀಲಿ ಅಂತ ನಾನೂ ನಾಲ್ಕು ಗ್ರೂಪಿಗೆ ಹಾಕ್ದೆ."

ಮಂಚಮ್ಮ ಫೋನು ಮುಟ್ಟಲಿಲ್ಲ. ಎಲೆಗೆ ಸುಣ್ಣ ಸವರಿ, ಮಡಿಸಿ, ಬಾಯಿಗಿಟ್ಟುಕೊಂಡು ಈ ಕತೆ ಹೇಳಿದರು.

ಒಂದು ಊರು. ಹೆಸರು ಬೇಡ, ಅಲ್ಲಿಗೆ ಹೆಣ್ಣು ಕೊಟ್ಟವರು ನಮ್ಮ ಬೀದಿಯಲ್ಲೂ ಇದ್ದಾರೆ. ಆ ಊರಿನ ಬದುಕೆಲ್ಲ ರೇಷ್ಮೆ ಹುಳು. ಮನೆಗೊಂದು ಹುಳುಮನೆ. ಮಗು ಕೆಮ್ಮಿದರೆ ನಾಳೆ ನೋಡೋಣ ಅನ್ನುವವರು, ಹುಳಕ್ಕೆ ಸೊಪ್ಪು ಒಂದು ಹೊತ್ತು ತಡವಾದರೆ ಎದೆ ಬಡಿದುಕೊಳ್ಳುತ್ತಾರೆ. ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ನೆನೆಸಿದ ಗೋಣಿ ಹಾಸಿರುತ್ತದೆ. ಅದನ್ನು ತುಳಿದು, ಕೈ ತೊಳೆದು ಒಳಗೆ ಹೋಗಬೇಕು. ಅದಕ್ಕೂ ಮೊದಲು ಮನೆಯ ಹೆಂಗಸು ಬಾಗಿಲಿಗೆ ಅಡ್ಡ ನಿಂತು ಒಂದು ಮಾತು ಕೇಳುತ್ತಾಳೆ: "ಎಷ್ಟು ಮನೆ ಹೊಕ್ಕು ಬಂದೆ?" ಬೇರೆ ಹುಳುಮನೆ ಹೊಕ್ಕು ಬಂದವನು ಒಡಹುಟ್ಟಿದ ಅಣ್ಣನಾದರೂ ಹೊರಗೇ. ಒಂದು ಮನೆಯ ರೋಗ ಇನ್ನೊಂದು ಮನೆಗೆ ದಾಟಬಾರದು, ಅದಕ್ಕೆ. ಈ ಮಾತು ಕೇಳಿದ್ದಕ್ಕೆ ಯಾರೂ ಮುಖ ಊದಿಸಿಕೊಳ್ಳುವುದಿಲ್ಲ, ಯಾರೂ ಸುಳ್ಳು ಹೇಳುವುದಿಲ್ಲ. ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ದಿನಕ್ಕೆ ನಾಲ್ಕು ಸುಳ್ಳು ಹೇಳುವ ಊರೇ ಅದು. ಹುಳುಮನೆಯ ಬಾಗಿಲಲ್ಲಿ ಮಾತ್ರ ಹೇಳುವುದಿಲ್ಲ.

ಆ ಊರಿನಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳು. ಗಂಡ ಇದ್ದ. ಇದ್ದ ಅನ್ನಬೇಕು ಅಷ್ಟೆ, ಅಣ್ಣನ ಎದುರು ಬಾಯಿ ಬಿಟ್ಟವನಲ್ಲ. ಆ ಅಣ್ಣನ ಹೆಂಡತಿ ದುಂಡಮ್ಮ. ಓರಗಿತ್ತಿಯರ ಎರಡು ಮನೆಗೂ ನಡುವೆ ಇದ್ದದ್ದು ಒಂದೇ ಹಿತ್ತಿಲು. ಇಬ್ಬರೂ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಕಾರಣ ಒಂದು ಹಿತ್ತಾಳೆ ಹಂಡೆ. ಅದನ್ನು ಬೆಳಗುವ ಸರದಿ ಯಾರದೆಂದು ಇವತ್ತಿಗೂ ತೀರ್ಮಾನವಾಗಿಲ್ಲ. ಹಂಡೆ ಹಸಿರುಗಟ್ಟಿಕೊಂಡು ಹಿತ್ತಿಲಲ್ಲಿ ಬಿದ್ದಿದೆ.

ಚಿಕ್ಕತಾಯಮ್ಮನ ಮನೆಗೆ ಅಂಟಿದ ಹೊಲದ ಮೂಲೆಯಲ್ಲಿ ಒಂದು ಬಂಡೆ. ಹಿಪ್ಪುನೇರಳೆ ಇರಲಿ, ಕಳ್ಳಿಯೂ ಹುಟ್ಟದ ಜಾಗ. ಟವರಿನವರು ಕೇಳಿದರು, ಕೊಟ್ಟಳು. ಅಲ್ಲಿಯವರೆಗೆ ಆ ಊರಿನವರು ಫೋನು ಮಾಡಬೇಕೆಂದರೆ ನೀರಿನ ಟ್ಯಾಂಕು ಹತ್ತುತ್ತಿದ್ದರು. ಒಳಗೆ ಹೆಂಡತಿ ಹೆರಿಗೆ ನೋವು ತಿನ್ನುತ್ತಿದ್ದರೆ ಗಂಡ ಟ್ಯಾಂಕಿನ ಮೇಲೆ ನಿಂತು "ಹಲೋ, ಹಲೋ" ಅನ್ನುತ್ತಿದ್ದ. ಟವರ್ ಬಂದ ಮೇಲೆ ಟ್ಯಾಂಕು ಹತ್ತುವುದು ತಪ್ಪಿತು. ಕೂತಲ್ಲೇ ಆಡಿಕೊಳ್ಳುವ ಅನುಕೂಲವಾಯಿತು. ಮೊದಲು ಆಡಿಕೊಂಡದ್ದು ಟವರಿಗೆ ಜಾಗ ಕೊಟ್ಟವಳನ್ನೇ. "ಗಂಡನಿಗೆ ಮುದ್ದೆಯಂತೆ, ಟವರ್ ಇಂಜಿನಿಯರಿಗೆ ದಿನಾ ಅಕ್ಕಿ ರೊಟ್ಟಿಯಂತೆ" ಅಂದರು. ರೊಟ್ಟಿ ಮಾಡಿಕೊಟ್ಟದ್ದು ಒಂದೇ ದಿನ, ಅದೂ ಗಂಡ ಹೇಳಿದ ಮೇಲೆ. ಆದರೆ ಒಂದೇ ದಿನದ ರೊಟ್ಟಿಯನ್ನು ಊರೆಲ್ಲ ಎಷ್ಟು ದಿನ ಅಗಿಯಲು ಸಾಧ್ಯ? ಅದಕ್ಕೇ ದಿನಾ ಅಂದರು.

ಆ ಬೇಸಿಗೆಯಲ್ಲಿ ದುಂಡಮ್ಮನ ಹುಳುಮನೆಗೆ ಹಾಲುತೊಂಡೆ ಬಿತ್ತು. ಅದು ಹುಳದ ರೋಗ. ಹುಳ ಊದಿಕೊಂಡು, ಸಾಕುವ ಬಿದಿರು ತಟ್ಟೆಯ ಅಂಚಿನಲ್ಲಿ ದಿಕ್ಕುಗೆಟ್ಟು ಅಲೆದು, ಮೈ ಒಡೆದು, ಹಾಲಿನಂಥ ರಸ ಸೋರಿ ಸಾಯುತ್ತದೆ. ಆ ರಸ ತಾಗಿದ ಸೊಪ್ಪು ತಿಂದ ಹುಳಕ್ಕೂ ಅದೇ ಗತಿ. ಊರಿಗೆ ಇದು ಹೊಸದಲ್ಲ. ಬಿಸಿಲು ಹೆಚ್ಚಾದ ವರ್ಷ ಯಾವುದೋ ಒಂದು ಮನೆಗೆ ಬರುತ್ತದೆ, ಅಲ್ಲೇ ನಿಲ್ಲುತ್ತದೆ. ದುಂಡಮ್ಮನ ಹುಳ ಇನ್ನು ಐದಾರು ದಿನಕ್ಕೆ ಗೂಡು ಕಟ್ಟುತ್ತಿದ್ದವು. ಎಲ್ಲವನ್ನೂ ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚಬೇಕಾಯಿತು. ಗುಂಡಿಯ ಅಂಚಿನಲ್ಲಿ ಕೂತು ಅವಳು ಅತ್ತದ್ದು ನಿಜವಾದ ಅಳು, ಅದರಲ್ಲಿ ನಟನೆ ಇರಲಿಲ್ಲ. ಅಳುತ್ತಲೇ ಒಂದು ಹುಳವನ್ನು ಎಡಗೈಯಲ್ಲಿ ಹಿಸುಕಿ ಬಲಗೈಯಲ್ಲಿ ವಿಡಿಯೋ ತೆಗೆದಳು. ಆಮೇಲೆ ಎರಡೂ ಕೈಯಲ್ಲಿ ಫೋನು ಹಿಡಿದು ಊರಿನ ಗ್ರೂಪಿಗೆ ಹಾಕಿದಳು. "ನೋಡಿ, ಟವರ್ ಮಾಡಿರೋ ಕೆಲಸ. ನನ್ನ ಓರಗಿತ್ತಿ ಮಾಡಿಸಿರೋ ಕೆಲಸ" ಅಂತ ಅದರಲ್ಲಿ ಅವಳ ದನಿ. ಊರಿನವರು ಊಟದ ತಟ್ಟೆ ಸರಿಸಿ ನೋಡಿದರು.

ಮಾರನೆಯ ದಿನದಿಂದ ದುಂಡಮ್ಮ ಮನೆಮನೆಗೆ ಹೊರಟಳು. ಮೇಲಿನವರಿಗೆ ಕಳಿಸಲು ಸಾಕ್ಷಿ ಬೇಕು, ನಿಮ್ಮ ಹುಳ ಈಗ ಹೇಗಿವೆ, ಮುಂದೆ ಹೇಗಾಗುತ್ತವೆ, ಎಲ್ಲ ತೆಗೆಯೋಣ ಅಂದಳು. ಕಟ್ಟಲೆ ಮೀರುವವಳಲ್ಲ ಅವಳು. ಬಾಗಿಲಲ್ಲಿ ಕೇಳುವ ಮೊದಲೇ ತಾನೇ ಹೇಳುತ್ತಿದ್ದಳು: "ನಾನು ಒಳಕ್ಕೆ ಬರಲ್ಲ ಕಣವ್ವ, ನನ್ನ ಮನೇಲಿ ರೋಗ ಬಿದ್ದೈತೆ. ಫೋನು ತಗೊಂಡೋಗಿ ನೀವೇ ತೆಗೀರಿ." ಹೊಸಿಲಿನ ಆಚೆಯೇ ನಿಂತು ಫೋನು ಕೊಡುತ್ತಿದ್ದಳು. ಮನೆಯವರು ಗೋಣಿ ತುಳಿದು, ಕೈ ತೊಳೆದು, ಒಂದು ಕೈಯಲ್ಲಿ ಆ ಫೋನು ಹಿಡಿದು, ಇನ್ನೊಂದರಲ್ಲಿ ಸೊಪ್ಪು ಸರಿಸಿ, ವಿಡಿಯೋ ತೆಗೆದು ತಂದುಕೊಡುತ್ತಿದ್ದರು. ಹೀಗೆ ಏಳು ಮನೆ. ಅಷ್ಟು ದುಃಖದಲ್ಲೂ ದುಂಡಮ್ಮ ಎಷ್ಟು ಜಾಗ್ರತೆ ನೋಡಿ ಎಂದು ಎಲ್ಲರೂ ಹೊಗಳಿದರು.

ವಾರ ಕಳೆಯುವುದರಲ್ಲಿ ಆ ಏಳು ಮನೆಯ ಹುಳವೂ ಊದಿಕೊಂಡವು.

ಇತ್ತ ಚಿಕ್ಕತಾಯಮ್ಮನ ಮನೆಗೆ ಯಾರೂ ಕಾಲಿಡುತ್ತಿರಲಿಲ್ಲ. ನಲ್ಲಿಯ ಹತ್ತಿರ ಹೋದರೆ ತುಂಬದ ಬಿಂದಿಗೆ ಎತ್ತಿಕೊಂಡು ನಡೆಯುತ್ತಿದ್ದರು. ಅವಳು ಎರಡು ವಾರ ತಡವಾಗಿ ಹುಳ ಇಟ್ಟವಳು. ಆ ಹುಳ ಟವರಿನ ಬುಡದಲ್ಲೇ ಇದ್ದುಕೊಂಡು ಮಳೆ ಬಿದ್ದ ಹಾಗೆ ಸದ್ದು ಮಾಡುತ್ತ ಸೊಪ್ಪು ಮೇಯುತ್ತಿದ್ದವು. ಇದು ಎಲ್ಲಕ್ಕಿಂತ ದೊಡ್ಡ ಸುದ್ದಿಯಾಯಿತು. ಇಂಜಿನಿಯರು ಅವಳಿಗೊಂದು ತಾಯಿತ ಕಟ್ಟಿ ಹೋಗಿದ್ದಾನೆ ಅಂದರು. ಅದನ್ನು ನಂಬಿದವರಲ್ಲಿ ಕಾಲೇಜು ಓದಿದವರೂ ಇದ್ದರು.

ಊರ ಯಜಮಾನರು ಹೇಳಿ ಕಳಿಸಿದರು. ಎಂಟು ದಿನಕ್ಕೆ ಹುಣಸೆಮರದ ಕೆಳಗೆ ಊರು ಕೂರುತ್ತದೆ, ಅಷ್ಟರಲ್ಲಿ ಟವರ್ ತೆಗೆಸಬೇಕು, ಇಲ್ಲದಿದ್ದರೆ ಅವಳ ಹುಳ ಆರಿಸಲು ಊರಿನ ಒಬ್ಬರೂ ಬರುವುದಿಲ್ಲ. ಮೇವು ಬಿಟ್ಟು ಹಣ್ಣಾದ ಹುಳವನ್ನು ಒಂದೇ ದಿನದಲ್ಲಿ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಹತ್ತು ಜನ ಇಲ್ಲದೆ ಆಗುವ ಕೆಲಸವಲ್ಲ. ಜನ ಬರದಿದ್ದರೆ ಆ ಬೆಳೆ ಕಸ. ಆ ಬೆಳೆಯ ಮೇಲೆ ಅವಳ ಮನೆ ನಿಂತಿತ್ತು.

ಚಿಕ್ಕತಾಯಮ್ಮನಿಗೆ ಬೆಳೆಯ ಭಯಕ್ಕಿಂತ ಇನ್ನೊಂದು ಭಯ ದೊಡ್ಡದಾಗಿತ್ತು. ಅವರು ಹೇಳುವುದು ನಿಜವಾಗಿದ್ದರೆ? ನಾನೇ ನನ್ನ ಊರನ್ನು ಕೆಡಿಸಿದೆನೇ? ಬೆಳಿಗ್ಗೆ ಎದ್ದು ಟವರಿನ ತುದಿ ನೋಡುತ್ತಿದ್ದಳು. ಅಲ್ಲಿ ಏನೂ ಕಾಣುತ್ತಿರಲಿಲ್ಲ.

ಊರು ಅವಳೊಡನೆ ಮಾತು ಬಿಟ್ಟಿತ್ತೇ ಹೊರತು ಗ್ರೂಪಿನಿಂದ ತೆಗೆದಿರಲಿಲ್ಲ. ಬೈದದ್ದು ಅವಳಿಗೆ ಕೇಳಿಸಬೇಕಲ್ಲ. ಹಾಗಾಗಿ ಎಲ್ಲ ವಿಡಿಯೋ ಅವಳಿಗೂ ಬಂದಿದ್ದವು. ಮಿಕ್ಕವರು ಬೈಗುಳ ಕೇಳಲು ನೋಡಿದರು. ಇವಳು ದನಿ ನಿಲ್ಲಿಸಿ ಹುಳ ನೋಡಿದಳು. ಯಾವ ಮನೆಯಲ್ಲಿ ಸೊಪ್ಪು ಒದ್ದೆಯಿದೆ, ಯಾವ ತಟ್ಟೆಯಲ್ಲಿ ಹುಳ ಒತ್ತಾಗಿದೆ, ಹೀಗೆ ನೋಡುತ್ತ ಹೋದಳು. ಎರಡನೇ ಸಲ ನೋಡುವಾಗ ವಿಡಿಯೋದ ಮೂಲೆಯಲ್ಲಿ ಒಂದು ಕಲೆ ಕಂಡಿತು. ಬಿಳಿ ಮಂಜು ಹಿಡಿದ ಹಾಗೆ. ಏಳು ಮನೆ, ಏಳು ಗೋಡೆ, ಕಲೆ ಮಾತ್ರ ಒಂದೇ, ಅದೇ ಮೂಲೆಯಲ್ಲಿ. ದುಂಡಮ್ಮ ಗುಂಡಿಯ ಹತ್ತಿರ ತೆಗೆದ ಮೊದಲ ವಿಡಿಯೋದಲ್ಲಿ ಮಾತ್ರ ಆ ಕಲೆ ಇರಲಿಲ್ಲ. ಹಾಲುತೊಂಡೆಯ ರಸ ಫೋನಿನ ಕಣ್ಣಿನ ಮೇಲೆ ಒಣಗಿದರೆ ಹೇಗೆ ಕಾಣುತ್ತದೆ ಅಂತ ಚಿಕ್ಕತಾಯಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೂರು ವರ್ಷದ ಮೇಲೆ ಹಿತ್ತಿಲು ದಾಟಿ ದುಂಡಮ್ಮನ ಬಾಗಿಲಿಗೆ ಹೋದಳು.

"ಅಕ್ಕ, ನಿನ್ನ ಫೋನು ಒಂದು ಗಳಿಗೆ ಕೊಡು."

"ಯಾಕೆ, ಇಂಜಿನಿಯರಿಗೆ ಮಾಡ್ಬೇಕಾ?"

"ಮಾಡಕ್ಕೆ ನಂದೈತೆ. ನಿಂದರ ಮೈ ಒರೆಸ್ಬೇಕು."

"ಒರೆಸು, ಒರೆಸು. ಹಂಡೆ ಬೆಳಗೋಕಂತೂ ನಿನ್ನ ಕೈಲಾಗ್ಲಿಲ್ಲ" ಅಂತ ದುಂಡಮ್ಮ ನಗುತ್ತಲೇ ಕೊಟ್ಟಳು.

ಚಿಕ್ಕತಾಯಮ್ಮ ಸೆರಗಿನಿಂದ ನಾಲ್ಕು ಹಿಪ್ಪುನೇರಳೆ ಎಲೆ ತೆಗೆದಳು. ಫೋನಿನ ಮುಂದೆ, ಹಿಂದೆ, ಅಂಚು, ಸಂದು ಎಲ್ಲ ಆ ಎಲೆಯಲ್ಲೇ ಒರೆಸಿದಳು. ಎಲೆಯನ್ನು ಕಾಗದದಲ್ಲಿ ಸುತ್ತಿಕೊಂಡು ಫೋನು ವಾಪಸ್ಸು ಕೊಟ್ಟಳು.

ಆ ಎಲೆಯನ್ನು ಹುಳುಮನೆಗೆ ಸೇರಿಸಲಿಲ್ಲ. ದೂರದ ದನದ ಕೊಟ್ಟಿಗೆಯ ಈ ಕೊನೆಗೊಂದು ಆ ಕೊನೆಗೊಂದು ತಟ್ಟೆ ಇಟ್ಟಳು. ಒಂದೊಂದರಲ್ಲಿ ಇಪ್ಪತ್ತು ಹುಳ, ತನ್ನ ಒಳ್ಳೆಯ ಹುಳವನ್ನೇ ಆರಿಸಿ ಬಿಟ್ಟಳು. ಮೊದಲನೆಯದಕ್ಕೆ ಒರೆಸಿದ ಎಲೆ ಹಾಕಿದಳು. ಎರಡನೆಯದಕ್ಕೆ ಶುದ್ಧ ಎಲೆ ಹಾಕಿ, ತನ್ನ ಫೋನನ್ನು ಬ್ಲೀಚಿಂಗ್ ನೀರಿನ ಬಟ್ಟೆಯಲ್ಲಿ ಒರೆಸಿ, ಹುಳದ ಮಧ್ಯೆಯೇ ಇಟ್ಟಳು. ಗಂಡನಿಗೆ ಒಂದು ಕೆಲಸ ಹಚ್ಚಿದಳು: "ಟವರ್ ಕೆಳಗೆ ಕೂತ್ಕೊಂಡು ದಿನವೆಲ್ಲ ನನಗೆ ಫೋನು ಮಾಡ್ತಿರು." ಆ ಮನುಷ್ಯ ಮದುವೆಯಾದಾಗಿನಿಂದ ಹೆಂಡತಿಯನ್ನು ಅಷ್ಟು ಸಲ ಕರೆದವನಲ್ಲ. ಆರು ದಿನ ಕರೆದ. ಹುಳದ ಮಧ್ಯೆ ಫೋನು ಆರು ದಿನ ಹೊಡೆದುಕೊಂಡಿತು. ಕೊಟ್ಟಿಗೆಯಿಂದ ಬಂದಾಗಲೆಲ್ಲ ಅವಳು ತಲೆಗೆ ನೀರು ಹಾಕಿಕೊಂಡು, ಸೀರೆ ಬದಲಿಸಿ, ಆಮೇಲೆ ಹುಳುಮನೆಗೆ ಹೋದಳು. ದಿನಕ್ಕೆ ಐದು ಸ್ನಾನ ಯಾಕೆ ಮಾಡ್ತಾಳೆ ಅಂತ ಬೇಲಿಯಾಚೆಯಿಂದ ಲೆಕ್ಕ ಇಟ್ಟವರು ಏನೇನು ಅಂದರೋ, ನಾನು ಹೇಳುವುದಿಲ್ಲ.

ಆರನೇ ದಿನ ಮೊದಲ ತಟ್ಟೆಯ ಹುಳ ಊದಿ ಅಂಚು ಹತ್ತಿದವು. ಎರಡನೆಯ ತಟ್ಟೆಯವು ಫೋನನ್ನು ತುಳಿದುಕೊಂಡೇ ಸೊಪ್ಪು ಮೇಯುತ್ತಿದ್ದವು.

ಎಂಟನೆಯ ದಿನ ಹುಣಸೆಮರದ ಕೆಳಗೆ ಊರು ಕೂತಿತು. ಚಿಕ್ಕತಾಯಮ್ಮ ಎರಡೂ ತಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ತಂದು ನಡುವೆ ಇಟ್ಟಳು. ಹತ್ತಿರ ಯಾರೂ ಬರಬೇಡಿ ಅಂದಳು. ಯಾವುದಕ್ಕೆ ಏನು ಹಾಕಿದೆ, ಏನಾಯಿತು, ನೇರವಾಗಿ ಹೇಳಿದಳು. ಗುಂಪಿನಿಂದ ಒಬ್ಬ ಕೇಳಿದ:

"ಯಾರ ಫೋನು ಒರೆಸಿದ್ದು?"

ಹೆಂಗಸರ ಸಾಲಿನಲ್ಲಿ ದುಂಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಏಳು ಮನೆಯವರೂ ಅಲ್ಲೇ ಕೂತಿದ್ದರು.

ಮಂಚಮ್ಮ ಇಲ್ಲಿ ಕತೆ ನಿಲ್ಲಿಸಿ ಬಾಯಿಯ ಎಲೆಯನ್ನು ಇನ್ನೊಂದು ದವಡೆಗೆ ತಳ್ಳಿದರು.

"ಹೇಳಿದ್ಲಾ ಅವ್ವ?" ಅಂದ ಪರ್ವತಯ್ಯ. "ಹೇಳಲೇಬೇಕು. ಅವಳ ಮಾನ ಕಳೆದವಳಲ್ವಾ."

"ನಾನಾಗಿದ್ರೆ ಹೆಸರು ಹೇಳಿ, ಹಂಡೆ ವಿಷಯಾನೂ ಸೇರಿಸಿ, ಮೂರು ಊರಿಗೆ ಕೇಳೋ ಹಂಗೆ ಹೇಳ್ತಿದ್ದೆ" ಅಂದರು ಮಂಚಮ್ಮ. "ಅದಕ್ಕೇ ಈ ಕತೆ ಅವಳದಾಯ್ತು, ನಂದಾಗ್ಲಿಲ್ಲ."

ಚಿಕ್ಕತಾಯಮ್ಮ ಹೇಳಿದ್ದು ಇಷ್ಟು: "ತೊಳೆಯದೆ ಇರೋ ಫೋನು. ಈ ಊರಲ್ಲಿ ಫೋನು ತೊಳೆದೋರು ಯಾರಾದ್ರೂ ಇದ್ರೆ ಮುಂದಕ್ಕೆ ಬನ್ನಿ. ಅವರದ್ದಲ್ಲ ಅಂತ ಈಗ್ಲೇ ಹೇಳ್ತೀನಿ."

ಯಾರೂ ಏಳಲಿಲ್ಲ.

"ಬಾಗಿಲಲ್ಲಿ ನಿಂತು ಅಣ್ಣತಮ್ಮಂದಿರನ್ನ ಕೇಳ್ತೀವಿ, ಎಷ್ಟು ಮನೆ ಹೊಕ್ಕು ಬಂದೆ ಅಂತ. ಕೈಲಿರೋದನ್ನ ನಾವ್ಯಾರೂ ಕೇಳ್ಲಿಲ್ಲ. ನನ್ನ ಮನೆಗೂ ಬಂದಿದ್ರೆ ನಾನೂ ಕೇಳ್ತಿರ್ಲಿಲ್ಲ. ನೀವು ನನ್ನ ಬಿಟ್ಟಿರಿ, ನನ್ನ ಹುಳ ಉಳೀತು. ಅಷ್ಟೇ."

ಯಜಮಾನರು ಎರಡೂ ತಟ್ಟೆ ನೋಡಿದರು. ಆಮೇಲೆ, "ಹಂಗಾದ್ರೆ ಟವರಿಂದ ಏನೂ ಆಗಲ್ಲ ಅಂತೀಯ?" ಅಂದರು.

ಇಲ್ಲಿ ಅವಳು ಆಗಲ್ಲ ಅಂದುಬಿಟ್ಟಿದ್ದರೆ ಊರು ನಂಬುತ್ತಿತ್ತು. ಗೆದ್ದವಳ ಮಾತು ಅದು, ಯಾರೂ ಎದುರು ಹೇಳುತ್ತಿರಲಿಲ್ಲ. ಟವರು ಅವಳ ಹೊಲದಲ್ಲೇ ಉಳಿಯುತ್ತಿತ್ತು.

"ಅದು ನಂಗೊತ್ತಿಲ್ಲ ಯಜಮಾನ್ರೇ" ಅಂದಳು. "ಆರು ದಿನ ಇಪ್ಪತ್ತು ಹುಳ ನೋಡಿ ಮನುಷ್ಯರ ವಿಷಯ ಹೇಳೋಕಾಗ್ತದಾ? ಅಳೆಯೋರನ್ನ ಕರೆಸಿ. ಮೊದಲು ನನ್ನ ಮನೆ ಮುಂದೇನೇ ಅಳೀಲಿ. ಕೆಟ್ಟದ್ದು ಅಂತ ಬಂದ್ರೆ ನಾನೇ ನಿಂತು ತೆಗೆಸ್ತೀನಿ. ನಿಮ್ಮ ಹುಳ ಸತ್ತಿದ್ದು ಅದರಿಂದಲ್ಲ, ಅಷ್ಟು ಮಾತ್ರ ಕಂಡಿದ್ದೀನಿ."

ನನ್ನ ಕಿವಿಗೆ ಬಿದ್ದ ಹೆಂಗಸರ ಮಾತುಗಳಲ್ಲಿ ಇಷ್ಟು ತೂಕದ ಮಾತು ಇನ್ನೊಂದಿಲ್ಲ. ತನಗೆ ಗೊತ್ತಿಲ್ಲದ್ದನ್ನು, ಗೆದ್ದ ಮೇಲೂ, ಗೊತ್ತಿಲ್ಲ ಅಂದವಳು ಅವಳೊಬ್ಬಳೇ.

ನಾಲ್ಕು ದಿನಕ್ಕೆ ಅವಳ ಹುಳ ಹಣ್ಣಾದವು. ಬೆಳಗಾಗುತ್ತಲೇ ಅವಳು ಬಾಗಿಲಲ್ಲಿ ನಿಂತು ಬೀದಿ ನೋಡಿದಳು. ಮೊದಲು ಬಂದವಳು ದುಂಡಮ್ಮ. ಗೋಣಿ ತುಳಿದು ನಿಂತಳು. ತಲೆ ಎತ್ತಲಿಲ್ಲ.

"ಎಷ್ಟು ಮನೆ ಹೊಕ್ಕು ಬಂದೆ ಅಕ್ಕ?"

"ಒಂದೂ ಇಲ್ಲ ಕಣೆ" ಅಂತ ದುಂಡಮ್ಮ ಎರಡೂ ಕೈ ಬಿಚ್ಚಿ ತೋರಿಸಿದಳು. ಕೈ ಖಾಲಿ ಇತ್ತು.

ಅವಳ ಹಿಂದೆ ಏಳು ಮನೆಯವರೂ ಬಂದರು. ಸಂಜೆಗೆ ಮೊದಲೇ ಹುಳವೆಲ್ಲ ಚಂದ್ರಿಕೆ ಹತ್ತಿದವು. ಈಗ ಆ ಊರಿನಲ್ಲಿ ಪ್ರತಿ ಹುಳುಮನೆಯ ಬಾಗಿಲ ಪಕ್ಕ ಒಂದು ಹಲಗೆ ಹೊಡೆದಿದ್ದಾರೆ. ಫೋನು ಅದರ ಮೇಲಿಟ್ಟೇ ಒಳಗೆ ಹೋಗಬೇಕು. ಅಳೆಯುವವರು ಒಂದು ಸಲ ಬಂದು ಹೋಗಿದ್ದಾರೆ, ಇನ್ನೊಂದು ಸಲ ಬರುತ್ತಾರೆ. ಹಂಡೆ ಮಾತ್ರ ಹಸಿರಾಗಿಯೇ ಇದೆ.

ಕತೆ ಮುಗಿಯಿತು. ಪರ್ವತಯ್ಯನ ಮುಖ ಹಗುರವಾಗಿತ್ತು.

"ಭಲೇ ಹೆಂಗಸು ಅವ್ವ. ಈ ಕಾಲಕ್ಕೆ ಅಂಥವರು ಎಲ್ಲವ್ರೆ" ಅನ್ನುತ್ತ ಏಳಲು ಫೋನನ್ನು ಕೈಗೆತ್ತಿಕೊಂಡ. ಅಷ್ಟರಲ್ಲಿ ಅದು ಮೂರು ಸಲ ಮಿಣುಕಿತು. ಬೆಳಿಗ್ಗೆ ಅವನು ಕಳಿಸಿದ ನರ್ಸಮ್ಮನ ಫೋಟೋ ಇನ್ಯಾವುದೋ ಊರಿನಿಂದ ಅವನಿಗೇ ತಿರುಗಿ ಬಂದಿತ್ತು.

ಮಂಚಮ್ಮ ಎಲೆ ಉಗಿದು ಬಂದು, ತಮ್ಮ ಹೊಸಿಲಿಗೆ ಅಡ್ಡವಾಗಿ ನಿಂತು, ಒಂದು ಮಾತು ಕೇಳಿದರು.

"ಬೆಳಿಗ್ಗೆಯಿಂದ ನೀನು ಎಷ್ಟು ಮನೆ ಹೊಕ್ಕು ಬಂದೆಯಪ್ಪ?"